ಕನಸಿನವನ ಎಡ ಹುಬ್ಬು

"ಆ ಕುರ್ಚಿಯಲ್ಲಿ ಕೂರಬೇಡಿ ಮೇಡಂ. ಅದು ಗಿರಾಕಿಗಳಿಗೆ."

ಸಲೂನಿನವನು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಇನ್‌ಸ್ಪೆಕ್ಟರಮ್ಮ ಕೂತಾಗಿತ್ತು. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಎದುರಿನ ಉದ್ದನೆಯ ಕನ್ನಡಿಯಲ್ಲಿ, ಹಿಂದೆ ನಿಂತಿದ್ದ ಅವನ ಮುಖ ಕಾಣುತ್ತಿತ್ತು. ಅದು ಬನ್ನಿ ಎನ್ನುವ ಮುಖವಾಗಿರಲಿಲ್ಲ.

"ನಾನೂ ಗಿರಾಕೀನೇ ಅಂದ್ಕೋ. ನಾಲ್ಕು ದಿನದಿಂದ ತಪ್ಪದೆ ಬರ್ತಾ ಇದ್ದೀನಿ. ಇಷ್ಟು ನಿಯತ್ತಿನವರು ನಿನಗೆ ಇನ್ಯಾರಿದ್ದಾರೆ?"

"ಇದ್ದ ಗಿರಾಕಿಗಳೂ ಓಡಿಹೋದ್ರು, ನಿಮ್ಮ ಕಾಟಕ್ಕೆ."

"ಕಾಟ ನನ್ನದಲ್ಲಪ್ಪ. ಪಕ್ಕದ ಅಂಗಡೀಲಿ ಬಿದ್ದಿದ್ದ ಹೆಣದ್ದು."

ಮಂಗಳವಾರ ಮಧ್ಯಾಹ್ನ ದರ್ಜಿ ಮಾಸ್ತರ ತಲೆಯ ಮೇಲೆ ಅವರದೇ ಇಸ್ತ್ರಿ ಪೆಟ್ಟಿಗೆಯಿಂದ ಯಾರೋ ಹೊಡೆದಿದ್ದರು. ಕಣ್ಣಾರೆ ಕಂಡೆ ಎಂದವನು ಒಬ್ಬನೇ, ಈ ಸಲೂನಿನವನು. ಅವನು ಬೆರಳು ಮಾಡಿ ತೋರಿಸಿದ್ದು ಸ್ವಂತ ಹೆಂಡತಿಯ ತಮ್ಮನನ್ನು. ಹನ್ನೆರಡು ವರ್ಷ ಅದೇ ದರ್ಜಿಯ ಕೈಕೆಳಗೆ ಅಂಗಿಯ ಗುಂಡಿಗಳಿಗೆ ಕಾಜಾ ಹೊಲಿದವನು ಅವನು. ಬೀದಿಯವರೆಲ್ಲ ಅವನನ್ನು ಕಾಜಾ ಎಂದೇ ಕರೆಯುತ್ತಿದ್ದರು. ಹಿಂದಿನ ದಿನ ಒಂದು ಕೋಟು ಸುಟ್ಟನೆಂದು ಮಾಸ್ತರು ಗಿರಾಕಿಗಳ ಎದುರಿಗೇ ಅವನ ಕೆನ್ನೆಗೆ ಬಾರಿಸಿದ್ದರು. ಮಂಗಳವಾರ ಎಲ್ಲಿದ್ದೆ ಎಂದು ಕೇಳಿದರೆ ಕಾಜಾ ನಾಲ್ಕು ದಿನದಿಂದ ತುಟಿ ಬಿಚ್ಚಿರಲಿಲ್ಲ.

ಇಂದು ಮೂರೂವರೆಗೆ ಠಾಣೆಯ ಗಾಡಿ ಅವನನ್ನು ಕೋರ್ಟಿಗೆ ಕರೆದೊಯ್ಯಲಿತ್ತು. ನಾಲ್ಕಕ್ಕೆ ಸಲೂನಿನವನು ಜಡ್ಜ್ ಮುಂದೆ ನಿಂತು "ಇವನೇ" ಎನ್ನಬೇಕಿತ್ತು. ಆ ಒಂದು ಮಾತು ಬಿದ್ದರೆ ಕಾಜಾನನ್ನು ಮೇಲೆತ್ತುವುದು ಯಾರ ಕೈಯಲ್ಲೂ ಆಗದು ಎಂದು ಇನ್‌ಸ್ಪೆಕ್ಟರಮ್ಮನಿಗೆ ಗೊತ್ತಿತ್ತು. ದೊಡ್ಡ ಸಾಹೇಬರು ಫೈಲು ಮುಚ್ಚಿ ಕೈ ತೊಳೆದುಕೊಂಡಿದ್ದರು. ಅವಳ ಕೈಯಲ್ಲಿ ಇನ್ನೂ ಮಸಿಯಿತ್ತು.

ಗೋಡೆ ಗಡಿಯಾರದಲ್ಲಿ ಎರಡು ಮುಕ್ಕಾಲು.

"ಮೇಷ್ಟ್ರೇ, ಆ ಹಾಳೆ ತೆಗೀರಿ," ಎಂದಳು.

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದವರು ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಠಾಣೆಯಿಂದ ಕರೆ ಬಂದಾಗೆಲ್ಲ ಹೋಗಿ, ಸಾಕ್ಷಿಗಳು ಹೇಳಿದ ಮುಖ ಬರೆದುಕೊಡುತ್ತಿದ್ದರು. ಅವರು ಚಿತ್ರ ಬಿಚ್ಚಿ ಮೊಣಕಾಲ ಮೇಲೆ ಹರಡಿದರು. ಸಪೂರ ಮುಖ, ಒಂದು ಕಡೆಗೆ ಬೈತಲೆ, ಹುಬ್ಬನ್ನು ನಡುವೆ ಸೀಳಿದ ಹಳೆಯ ಗಾಯದ ಗುರುತು.

"ಇದನ್ನ ಬರೆಯೋವಾಗ ಎಷ್ಟು ಸಲ ರಬ್ಬರ್ ಹಿಡಿದ್ರಿ?"

"ಒಂದು ಸಲಾನೂ ಇಲ್ಲ." ಮೇಷ್ಟ್ರು ಕನ್ನಡಕ ಮೇಲೆ ತಳ್ಳಿದರು. "ಬೇರೆ ಸಾಕ್ಷಿಗಳು ತಡವರಿಸ್ತಾರೆ. ಮೂಗು ಉದ್ದ ಅಂತಾರೆ, ಬರೆದು ತೋರಿಸಿದ್ರೆ ಅಷ್ಟಲ್ಲ ಅಂತಾರೆ. ಇವರು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿಬಿಟ್ರು."

"ಜ್ಞಾಪಕ ಚೆನ್ನಾಗಿರೋದೂ ಅಪರಾಧಾನಾ ಈಗ?" ಸಲೂನಿನವನು ಟವೆಲನ್ನು ರಪ್ಪನೆ ಕೊಡವಿದ.

"ಚಿತ್ರ ಮುಗಿದ ಮೇಲೆ 'ಅಯ್ಯೋ, ಇದು ನಮ್ಮ ಕಾಜಾ ಅಲ್ವಾ' ಅಂದೆಯಂತೆ. ಹೆಂಡತಿ ತಮ್ಮ ಅಂತ ಮೊದಲೇ ಹೊಳೀಲಿಲ್ವಾ?"

"ಗಾಬರೀಲಿದ್ದೆ."

"ಗಾಬರೀಲಿದ್ದವನು ಕಿವಿ ಮುಂದಿನ ಮಚ್ಚೆ ಹೇಳಿದ್ದೀಯ."

ಅವನು ಬಾಚಣಿಗೆಗಳನ್ನು ಒಂದೊಂದಾಗಿ ತೆಗೆದು, ಮತ್ತೆ ಅದೇ ಡಬ್ಬಿಗೆ ಹಾಕತೊಡಗಿದ.

"ಈ ಗಾಯ ಯಾವ ಹುಬ್ಬಿನ ಮೇಲಿದೆ, ಮೇಷ್ಟ್ರೇ?"

"ಎಡ ಹುಬ್ಬು."

"ಎಡ ಅಲ್ಲ!" ಗೋಡೆಯೊಳಗಿಂದ ಬಂದ ಹಾಗೆ ಹೆಂಗಸಿನ ದನಿಯೊಂದು ಬಂತು. "ಬಲ. ಸಣ್ಣವಳಿದ್ದಾಗ ನಾನೇ ಅವನನ್ನ ಮೆಟ್ಟಿಲ ಮೇಲಿಂದ ತಳ್ಳಿದ್ದು. ರಕ್ತ ಒರೆಸಿದ್ದೂ ನಾನೇ. ನನಗೆ ಹೇಳ್ಕೊಡ್ತೀರಾ ಯಾವ ಹುಬ್ಬು ಅಂತ?"

ಸಲೂನಿನವನ ಕೈಯಿಂದ ಬಾಚಣಿಗೆ ಬಿತ್ತು.

ಎರಡು ಅಂಗಡಿಗಳ ನಡುವೆ ಇದ್ದದ್ದು ಗೋಡೆಯಲ್ಲ, ಪ್ಲೈವುಡ್ ಹಲಗೆ. ಆ ಕಡೆ ದರ್ಜಿ ಅಂಗಡಿಯಲ್ಲಿ ಪೇದೆಯೊಬ್ಬನ ಜೊತೆ ಕೂತಿದ್ದವಳು ಅವನ ಹೆಂಡತಿ. ತಮ್ಮನ ಸಾಮಾನು ಗುರುತಿಸಬೇಕೆಂದು ಇನ್‌ಸ್ಪೆಕ್ಟರಮ್ಮ ಅವಳನ್ನು ಕರೆಸಿದ್ದಳು. ಗಂಡನ ಅಂಗಡಿಗೆ ಕಾಲಿಡುವುದಿಲ್ಲ ಎಂದು ಅವಳು ಹೊಸ್ತಿಲಲ್ಲೇ ಹೇಳಿದ್ದಳು.

"ಅವಳನ್ನ ಯಾಕೆ ಅಲ್ಲಿ ಕೂರಿಸಿದ್ದೀರಿ? ಕದ್ದು ಕೇಳೋಕಾ?"

"ಕದ್ದು ಯಾಕಪ್ಪ? ನಿನ್ನ ಹಲಗೆ ಅಷ್ಟು ತೆಳ್ಳಗಿದ್ರೆ ಅವಳೇನು ಮಾಡ್ತಾಳೆ?"

"ಎಡ, ಬಲ ಎಲ್ಲರೂ ತಪ್ಪು ಹೇಳ್ತಾರೆ. ನಿಮ್ಮ ಸಾಹೇಬರೇ ಹಾಗಂದ್ರು."

"ಸಾಹೇಬರು ಮೇಷ್ಟ್ರನ್ನ ಕೇಳಲಿಲ್ಲ. ಹೇಳಿ ಮೇಷ್ಟ್ರೇ."

"ನಾನು ಎಡ ಬಲ ಅಂತ ಕೇಳೋದೇ ಇಲ್ಲ," ಎಂದರು ಮೇಷ್ಟ್ರು. "ಮೊದಲು ಖಾಲಿ ಮುಖ ಬರೀತೀನಿ. ಆಮೇಲೆ 'ಗಾಯ ಎಲ್ಲಿ ಕಾಣ್ತು, ಬೆರಳಿಡಿ' ಅಂತೀನಿ. ಕಾಗದದ ಮೇಲೆ ಬೆರಳಿಡೋಕೆ ಎಡ ಬಲ ಗೊತ್ತಿರಬೇಕಾಗಿಲ್ಲ. ಕಣ್ಣಿಗೆ ಹೇಗೆ ಕಂಡಿತ್ತೋ ಹಾಗೇ ಇಡ್ತಾರೆ. ಇವರು ಹುಬ್ಬು, ಬೈತಲೆ, ಮಚ್ಚೆ ಮೂರಕ್ಕೂ ತಾವೇ ಬೆರಳಿಟ್ಟಿದ್ದು."

ಇನ್‌ಸ್ಪೆಕ್ಟರಮ್ಮ ಹಾಳೆಯನ್ನು ತೆಗೆದುಕೊಂಡಳು. ಅದನ್ನು ಕನ್ನಡಿಗೆ ಎದುರಾಗಿ ಹಿಡಿದಳು.

ಕನ್ನಡಿಯೊಳಗೆ ಕಾಜಾ ಕೂತಿದ್ದ. ಗಾಯ ಬಲ ಹುಬ್ಬಿಗೆ ಬಂದಿತ್ತು. ಬೈತಲೆ ಅವನು ತೆಗೆಯುವ ಕಡೆಗೇ ಬಂದಿತ್ತು. ಮಚ್ಚೆಯೂ ತನ್ನ ಜಾಗಕ್ಕೆ ಹೋಗಿ ಕೂತಿತ್ತು. ಮೇಷ್ಟ್ರು ಸ್ಟೂಲಿನಿಂದ ಅರ್ಧ ಎದ್ದರು.

"ಇಡೀ ಮುಖಾನೇ ತಿರುಗಿದೆ," ಎಂದಳು. "ಒಂದು ಹುಬ್ಬು ತಪ್ಪಿದ್ರೆ ಮರೆವು ಅನ್ನಬಹುದಿತ್ತು. ಈ ಮುಖವನ್ನ ನೀನು ಬಾಗಿಲಲ್ಲಿ ನೋಡಿದ್ದಲ್ಲ. ಇಲ್ಲಿ ನೋಡಿದ್ದು." ಅವಳು ಕನ್ನಡಿಯ ಗಾಜನ್ನು ಉಗುರಿನಿಂದ ತಟ್ಟಿದಳು. "ಕೆಲಸದವನ ತಪ್ಪು ಇದು. ನೀನು ದಿನವಿಡೀ ಗಿರಾಕಿಯ ಹಿಂದೆ ನಿಂತಿರ್ತೀಯ. ಕೆನ್ನೆ, ಕಿವಿ, ಗದ್ದ ಅಂತ ಚೂರು ಚೂರಾಗಿ ಹತ್ತಿರದಿಂದ ನೋಡ್ತೀಯ. ಇಡೀ ಮುಖ ನಿನಗೆ ಸಿಗೋದು ಕನ್ನಡೀಲಿ ಮಾತ್ರ."

"ಅವನು ನಮ್ಮ ಮನೆಯವನು. ಎದುರಾ ಎದುರಾ ನೋಡಿಲ್ವಾ ನಾನು?"

"ಯಾವಾಗ ನೋಡಿದ್ರಿ?" ಹಲಗೆಯ ಆ ಕಡೆಯಿಂದ ಮತ್ತೆ ದನಿ. "ಮದುವೆಯಾಗಿ ಏಳು ವರ್ಷ. ಆರು ವರ್ಷದಿಂದ ಮಾತಿಲ್ಲ ಕಥೆಯಿಲ್ಲ. ನೀವು ನನ್ನ ಮೇಲೆ ಕೈ ಎತ್ತಿದ್ದನ್ನ ಅವನು ನೋಡಿದ ದಿನದಿಂದ ನಮ್ಮ ಮನೆ ಬಾಗಿಲು ತುಳಿದಿಲ್ಲ ಅವನು."

"ಬಾಯಿ ಮುಚ್ಚು!"

"ಅಲ್ಲಮ್ಮ, ಮಾತಾಡು," ಎಂದಳು ಇನ್‌ಸ್ಪೆಕ್ಟರಮ್ಮ. "ಮನೆಗೆ ಬರ್ತಿರಲಿಲ್ಲ. ಇಲ್ಲಿಗೆ?"

"ಪ್ರತಿ ಭಾನುವಾರ ಬರ್ತಿದ್ದ. ದಾಡಿಗೆ."

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಮಾತು ಬಿಟ್ಟವನ ಕತ್ತಿಗೆ ಕುತ್ತಿಗೆ ಕೊಡ್ತಿದ್ನಾ?"

"ಸೊಕ್ಕು!" ಸಲೂನಿನವನು ಅರಚಿದ. "ಬೇಕಂತಲೇ ಬರೋನು. ಇಡೀ ಅಂಗಡಿ ತುಂಬಿರೋವಾಗ ಬಂದು ಈ ಕುರ್ಚೀಲೇ ಕೂತು, ತಲೆ ಹಿಂದಕ್ಕೆ ಚೆಲ್ಲಿ, ಕನ್ನಡೀಲಿ ನನ್ನನ್ನೇ ನೋಡೋನು. ಧೈರ್ಯ ಇದ್ರೆ ಕುಯ್ಯಿ ಅನ್ನೋ ಹಾಗೆ. ಆರು ವರ್ಷ! ಒಂದು ಭಾನುವಾರ ಬಿಡಲಿಲ್ಲ. ನಾನೂ ಅವನನ್ನ ನೋಡ್ಕೊಂಡೇ ಕತ್ತಿ ಆಡಿಸ್ತಿದ್ದೆ. ಬೇಕಾದ್ರೆ ಕಣ್ಣು ಮುಚ್ಚಿ ಬರೀತೀನಿ ಆ ಮುಖಾನ!"

"ಬರೆಸಿದೆಯಲ್ಲ," ಎಂದಳು ಇನ್‌ಸ್ಪೆಕ್ಟರಮ್ಮ ಮೆಲ್ಲಗೆ.

ಅವನಿಗೆ ತಾನೆಲ್ಲಿ ಕಾಲಿಟ್ಟೆನೆಂದು ತಿಳಿದದ್ದು ಆಗ. ಥಟ್ಟನೆ ಬೇರೆ ದಾರಿ ಹಿಡಿದ.

"ಸರಿ. ಕನ್ನಡೀಲೇ ನೋಡಿದೆ. ಮಲಗಿದ್ದೆ, ಶಬ್ದ ಆಯ್ತು, ಕಣ್ಣು ಬಿಟ್ಟೆ. ಬಾಗಿಲು ನನ್ನ ಬೆನ್ನ ಹಿಂದಿದೆ. ಅವನು ಓಡಿದ್ದು ಕನ್ನಡೀಲಿ ಕಾಣ್ತು. ಇದರಲ್ಲೇನು ತಪ್ಪು?"

"ಎದ್ದು ಬಾಗಿಲ ಕಡೆ ತಿರುಗಿದೆ ಅಂತ ಬರೆಸಿದ್ದೀಯ."

"ತಪ್ಪಾಗಿ ಬರೆಸಿದೆ."

"ಹೇಗೆ ಮಲಗಿದ್ದೆ? ಕುರ್ಚಿ ಒರಗಿಸಿ ತೋರಿಸು."

ಅವನು ಅನುಮಾನದಿಂದಲೇ ಹಿಡಿ ಎಳೆದ. ಕುರ್ಚಿಯ ಬೆನ್ನು ಕಿರ್ರೆಂದು ಹಿಂದಕ್ಕೆ ಹೋಯಿತು. ಇನ್‌ಸ್ಪೆಕ್ಟರಮ್ಮ ಅದರ ಜೊತೆಗೇ ಹೋಗಿ ಅಂಗಾತ ಮಲಗಿದಳು. ಆ ಮಲಗಿದ ಭಂಗಿಯಲ್ಲೇ ಸ್ವಲ್ಪ ಹೊತ್ತು ಕನ್ನಡಿ ನೋಡಿದಳು.

"ಫ್ಯಾನು ಕಾಣುತ್ತೆ. ಮೇಲಿನ ಹಲಗೆಯ ಎಣ್ಣೆ ಸೀಸೆಗಳು ಕಾಣುತ್ತೆ. ಬಾಗಿಲಲ್ಲಿ ಆನೆ ನಿಂತ್ರೂ ಕಾಣಲ್ಲ. ಮೇಷ್ಟ್ರೇ, ನೀವೊಂದು ಸಲ ಮಲಗಿ ನೋಡ್ತೀರಾ?"

"ಬೇಡ ತಾಯಿ. ಆ ಕುರ್ಚೀಲಿ ನನಗೆ ನಿದ್ದೆ ಬರಲ್ಲ."

ಅವಳು ಎದ್ದು ಕೂತಳು. ಅಕ್ಕಿಯಲ್ಲಿ ಕಲ್ಲು ಆರಿಸುವವರಿಗೆ ಅವಸರವಾಗದು. ಗಡಿಯಾರದಲ್ಲಿ ಮೂರು ದಾಟಿತ್ತು, ಆದರೂ ಅವಳು ಅವಸರ ತೋರಿಸಲಿಲ್ಲ.

"ಎದ್ದು ತಿರುಗಿದ್ರೆ ಮುಖ ಸರಿಯಾಗಿ ಕಾಣಬೇಕಿತ್ತು. ಮಲಗಿದ್ರೆ ಕಾಣಲೇಬಾರದಿತ್ತು. ಮತ್ತೆ ಎಲ್ಲಿ ಕಾಣ್ತಪ್ಪ ನಿನಗೆ, ಇಷ್ಟು ಸ್ಪಷ್ಟವಾಗಿ, ಕನ್ನಡಿಯ ಮುಖ? ನಿದ್ದೆಯೊಳಗಾ?"

ಅವನು ಬಗ್ಗಿ, ನೆಲಕ್ಕೆ ಬಿದ್ದಿದ್ದ ಬಾಚಣಿಗೆ ಎತ್ತಿಕೊಂಡ.

"ನಮ್ಮಮ್ಮ ಹೋಗಿ ಹದಿನೆಂಟು ವರ್ಷ," ಎಂದಳು ಇನ್‌ಸ್ಪೆಕ್ಟರಮ್ಮ. "ವಾರಕ್ಕೊಂದು ಸಲ ಕನಸಿಗೆ ಬರ್ತಾಳೆ. ಬೈತಾಳೆ, ಕೆಮ್ಮುತಾಳೆ, ಪಾತ್ರೆ ಎತ್ತಿ ಕುಕ್ತಾಳೆ. ಅವಳೇ ಅಂತ ನನಗೆ ಗೊತ್ತಿರುತ್ತೆ. ಎದ್ದ ಮೇಲೆ ಮುಖ ಹೇಗಿತ್ತು ಅಂತ ಯೋಚಿಸಿದ್ರೆ ಆ ಜಾಗದಲ್ಲಿ ಏನೂ ಇರಲ್ಲ. ನಾನು ನೋಡೇ ಇರಲ್ಲ."

"ನನ್ನದು ಇನ್ನೂ ಕೆಟ್ಟದು," ಎಂದರು ಮೇಷ್ಟ್ರು. "ನನ್ನ ಹೆಂಡತಿ ಕನಸಿಗೆ ಬಂದ್ರೆ ನಮ್ಮ ಹೆಡ್‌ಮಾಸ್ಟರ ಮುಖ ಹಾಕ್ಕೊಂಡು ಬರ್ತಾಳೆ. ಮೀಸೆ ಸಮೇತ. ಆದ್ರೂ ನನಗೆ ಒಂದು ಚೂರು ಅನುಮಾನ ಬರಲ್ಲ. 'ಏನೇ, ಕಾಫಿ ಆಯ್ತಾ' ಅಂತಲೇ ಕೇಳ್ತೀನಿ."

ಹಲಗೆಯ ಆ ಕಡೆ ಪೇದೆ ಕಿಸಕ್ಕೆಂದ. ಈ ಕಡೆ ಯಾರೂ ನಗಲಿಲ್ಲ.

"ಎಚ್ಚರ ಇರೋವಾಗ ಮುಖ ನೋಡಿ ಆಳು ಯಾರು ಅಂತ ತಿಳೀತೀವಿ. ಕನಸಲ್ಲಿ ಆಳು ಯಾರು ಅನ್ನೋದು ಮೊದಲೇ ಗೊತ್ತಾಗಿಬಿಡುತ್ತೆ. ಮುಖ ಆಮೇಲೆ, ಕೈಗೆ ಸಿಕ್ಕಿದ್ದು. ನಿನ್ನ ಕೈಗೆ ಸಿಕ್ಕಿದ್ದು ಭಾನುವಾರದ ಮುಖ."

"ಸರಿ, ಕನಸು ಅಂತಾನೇ ಇಟ್ಕೊಳ್ಳಿ."

"ಇಟ್ಕೊಳ್ಳೋದು ಬೇಡ. ಹೌದೋ, ಅಲ್ವೋ?"

"ಹೌದು! ಕನಸು! ಏನೀಗ?" ಅವನು ಟವೆಲನ್ನು ನೆಲಕ್ಕೆಸೆದ. "ಕನಸು ಕಂಡವರನ್ನೆಲ್ಲ ಒಳಗೆ ಹಾಕ್ತೀರಾ?"

"ಇಲ್ಲ. ಒಳಗಿರೋನನ್ನ ಹೊರಗೆ ಬಿಡ್ತೀವಿ. ಈಗ ಹೇಳಿದ್ದನ್ನ ಇಲ್ಲಿ ಬರೆದು ಸಹಿ ಹಾಕು."

ಅವನು ಅವಳು ಚಾಚಿದ ಪೆನ್ನು ನೋಡಿದ. ಮುಖದ ಮೇಲೆ ನಗೆಯಂಥದ್ದೊಂದು ಮೂಡಿತು.

"ಹಾಕಲ್ಲ. ನಾಲ್ಕು ಗಂಟೆಗೆ ಕೋರ್ಟಲ್ಲಿ ನಿಂತು 'ನೋಡಿದೆ, ಇವನೇ' ಅಂತೀನಿ. ನೀವು ಈ ಕನ್ನಡೀನ ಹೊತ್ಕೊಂಡು ಬಂದು ವಾದ ಮಾಡಿ. ಜಡ್ಜ್ ಸಾಹೇಬರಿಗೂ ಹೆಡ್‌ಮಾಸ್ಟರ ಮೀಸೆ ಕಥೆ ಹೇಳಿ. ನಗ್ತಾರೆ, ಪಾಪ."

ಮೇಷ್ಟ್ರ ಮುಖ ಕೆಂಪಾಯಿತು. ಇನ್‌ಸ್ಪೆಕ್ಟರಮ್ಮ ಪೆನ್ನನ್ನು ಹಿಂತೆಗೆಯಲಿಲ್ಲ.

"ಇನ್ನೊಂದೇ ಕೇಳ್ತೀನಿ. ಮುಖ ಕಾಜಾದು. ಸರಿ. ಆದ್ರೆ ಕನಸಲ್ಲಿ ನಿನ್ನ ಹತ್ತಿರ ನಿಂತಿದ್ದು ಯಾರು? ಯಾರು ಅಂತ ನಿನಗೆ ಗೊತ್ತಾಯ್ತು?"

ಅವನು ಗದ್ದ ಎತ್ತಿ ಪ್ಲೈವುಡ್ ಹಲಗೆಯತ್ತ ತೋರಿಸಿದ. ಮಾತು ಹಲಗೆಯಾಚೆ ಕೇಳಲೆಂದೇ ದನಿ ಏರಿಸಿದ.

"ಅವಳು. ನನ್ನ ಹೆಂಡತಿ. ಮೇಲಿದ್ದದ್ದು ತಮ್ಮನ ಮುಖ, ನಿಂತಿದ್ದವಳು ಅಕ್ಕ. ಬ್ಲೀಚಿಂಗ್ ಪೌಡರ್ ವಾಸನೆ ಮೂಗಿಗೆ ಹೊಡೀತು. ಆಸ್ಪತ್ರೆ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯೋಳು ಅವಳು, ದಿನಾ ಅದೇ ವಾಸನೆ ಹೊತ್ಕೊಂಡು ಬರ್ತಾಳೆ. ಕನಸಿಗೆ ಹೊರಗಿನ ವಾಸನೆ ಬರಲ್ವಾ ಮೇಡಂ? ಬರುತ್ತೆ ತಾನೆ? ಹಾಗಾದ್ರೆ ಅವತ್ತು ಅವಳಿಲ್ಲಿ ಬಂದಿದ್ಲು. ತಮ್ಮ ಬೇಡ ಅಂದ್ರೆ ಅಕ್ಕನ್ನ ಒಳಗೆ ಹಾಕಿ. ನನಗೆ ಯಾರಾದ್ರೂ ಆಗಬಹುದು."

ಹಲಗೆಯ ಆ ಕಡೆ ರಬ್ಬರ್ ಚಪ್ಪಲಿಯ ಸದ್ದಾಯಿತು. ಅವಳು ಹೊರಗೆ ಬಂದಳು, ಎರಡು ಹೆಜ್ಜೆ ಬೀದಿಯಲ್ಲಿ ನಡೆದಳು, ಗಂಡನ ಅಂಗಡಿಯ ಹೊಸ್ತಿಲು ದಾಟಿದಳು.

ಕೈಗಳು ಮೊಣಕೈವರೆಗೂ ನೀರಲ್ಲಿ ನೆನೆದು ಬಿಳುಚಿಕೊಂಡಿದ್ದವು. ಅವಳ ಜೊತೆಗೇ ಆ ವಾಸನೆಯೂ ಒಳಗೆ ಬಂತು.

"ಬಂದಿದ್ದೆ," ಎಂದಳು ಇನ್‌ಸ್ಪೆಕ್ಟರಮ್ಮನಿಗೆ. "ಮಂಗಳವಾರ ಎರಡೂವರೆಗೆ. ನನ್ನ ತಮ್ಮನ ಕೆನ್ನೆಗೆ ಯಾಕೆ ಹೊಡೆದ್ರಿ ಅಂತ ಮಾಸ್ತರನ್ನ ಕೇಳೋಕೆ."

"ನೋಡಿ! ನೋಡಿ! ಅವಳ ಬಾಯಲ್ಲೇ ಬಂತು!"

ಅವಳು ಗಂಡನ ಕಡೆಗೆ ತಿರುಗಿದಳು. ದನಿ ಏರಲಿಲ್ಲ. "ನೀವು ಕನಸು ಕಾಣ್ತಿದ್ರಿ?"

"ಹೌದು."

"ಈ ಕುರ್ಚೀಲಿ?"

"ಇನ್ನೆಲ್ಲಿ? ಹೌದು, ಇದೇ ಕುರ್ಚೀಲಿ."

"ಮಾಸ್ತರ ಬಾಗಿಲು ಮುಂದಕ್ಕೆ ಹಾಕಿತ್ತು. ಒಳಗಿದ್ದಾರಾ ಅಂತ ಕೇಳೋಣ ಅಂತ ನಿಮ್ಮ ಬಾಗಿಲಿಗೆ ಬಂದೆ. ಆರು ವರ್ಷದಲ್ಲಿ ಮೊದಲನೇ ಸಲ." ಅವಳು ಇನ್‌ಸ್ಪೆಕ್ಟರಮ್ಮನ ಕಣ್ಣಿಗೆ ಕಣ್ಣಿಟ್ಟಳು. "ಕುರ್ಚಿ ಖಾಲಿ ಇತ್ತು ಮೇಡಂ. ಕೈಯಿಟ್ಟು ನೋಡಿದೆ. ತಣ್ಣಗಿತ್ತು."

ಮೇಷ್ಟ್ರು ಕುರ್ಚಿಯ ಕಡೆ ನೋಡಿದರು.

ತಮ್ಮನ ಮೇಲಿನ ಅಕ್ಕರೆಗೆ ಸುಳ್ಳು ಹೇಳುವ ಎಷ್ಟೋ ಅಕ್ಕಂದಿರನ್ನು ಇನ್‌ಸ್ಪೆಕ್ಟರಮ್ಮ ಕಂಡಿದ್ದಳು. ಇದೂ ಸುಳ್ಳಿರಬಹುದು. ನಿಜವಿದ್ದರೆ ಅದು ಇನ್ನೂ ಕೆಟ್ಟದ್ದು. ಕುರ್ಚಿಯಲ್ಲಿ ಇಲ್ಲದವನು ಅವಳು ಬಂದದ್ದನ್ನು ಬಲ್ಲನೆಂದರೆ, ಬೇರೆಲ್ಲಿಂದಲೋ ಕಣ್ಣು ತೆರೆದೇ ನೋಡಿರಬೇಕು.

"ಎಲ್ಲಿದ್ದ ಇವನು?"

"ಮೊದಲು ನನ್ನ ತಮ್ಮನ್ನ ಬಿಡಿ. ಆಮೇಲೆ ಹೇಳ್ತೀನಿ."

"ಇದು ಸಂತೆ ವ್ಯಾಪಾರ ಅಲ್ಲಮ್ಮ."

"ಇವರು ಹೇಳಿದ ಒಂದು ಮಾತಿಗೆ ನೀವು ಅವನನ್ನ ಹಿಡ್ಕೊಂಡು ಹೋಗಲಿಲ್ವಾ? ನನ್ನ ಒಂದು ಮಾತಿಗೆ ಬಿಡೋಕೆ ಯಾಕೆ ಕಷ್ಟ?"

ಸಲೂನಿನವನು ಹಲ್ಲು ಕಚ್ಚಿ ಅವಳ ಹತ್ತಿರ ಬಂದ. "ಹೇಳೇ. ಧೈರ್ಯವಾಗಿ ಹೇಳು, ನಾನೆಲ್ಲಿದ್ದೆ ಅಂತ. ಜೊತೆಗೆ ಇದನ್ನೂ ಹೇಳ್ಬೇಕಾಗುತ್ತೆ. ಅವತ್ತು ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಬೀದಿ ತುದಿವರೆಗೂ ಯಾಕೆ ಓಡಿದೆ?"

ಅವಳ ಬಿಳುಚಿದ ಕೈ ಸೆರಗನ್ನು ಹಿಡಿದುಕೊಂಡಿತು.

ಓಡಿದಳೆಂದು ಇಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

"ಇದನ್ನೂ ಕನಸಲ್ಲೇ ನೋಡಿದ್ಯಾ?" ಇನ್‌ಸ್ಪೆಕ್ಟರಮ್ಮ ಕುರ್ಚಿಯಿಂದ ಇಳಿದಳು. ಅವನು ಒಂದು ಹೆಜ್ಜೆ ಹಿಂದಕ್ಕೆ ಹೋದ. ಬಾಗಿಲಲ್ಲಿ ಪೇದೆ ಬಂದು ನಿಂತಿದ್ದ.

"ಹೇಳ್ತೀನಿ," ಎಂದಳು ಹೆಂಡತಿ. ದನಿ ಒಡೆದಿತ್ತು. "ಓಡಿದ್ದು ಯಾಕೆ ಅಂತಾನೂ ಹೇಳ್ತೀನಿ. ನನಗೇನಾದ್ರೂ ಆಗಲಿ. ಗಾಡಿ ನಿಲ್ಲಿಸಿ."

ಇನ್‌ಸ್ಪೆಕ್ಟರಮ್ಮ ಠಾಣೆಗೆ ಫೋನು ಹಚ್ಚಿದಳು. ಆ ಕಡೆ ಗಂಟೆ ಬಡಿಯಿತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದಳು. ಗಡಿಯಾರದಲ್ಲಿ ಮೂರೂ ಮೂವತ್ತೈದು.

ಹೊರಗೆ ಹಾರ್ನ್ ಕೇಳಿಸಿತು. ಕೋರ್ಟಿಗೆ ಹೋಗುವ ದಾರಿ ಅದೇ ಬೀದಿ. ಠಾಣೆಯ ಗಾಡಿ ಜನರ ನಡುವೆ ನಿಧಾನವಾಗಿ ಅಂಗಡಿಯ ಮುಂದೆ ಬಂತು. ಜಾಲರಿಯ ಕಿಟಕಿಗೆ ಒತ್ತಿಕೊಂಡು, ಬಲ ಹುಬ್ಬಿನ ಮೇಲೆ ಸೀಳುಗಾಯವಿದ್ದ ಮುಖವೊಂದು ಒಳಗೆ ನೋಡಿತು. ಅಕ್ಕನನ್ನು ನೋಡಿತು. ಅವಳ ಒಂದು ಪಕ್ಕದಲ್ಲಿ ಇನ್‌ಸ್ಪೆಕ್ಟರಮ್ಮ, ಇನ್ನೊಂದು ಪಕ್ಕದಲ್ಲಿ ಪೇದೆ ನಿಂತಿದ್ದನ್ನು ನೋಡಿತು.

"ನಿಲ್ಲಿಸ್ರೋ!" ಪೇದೆ ಬೀದಿಗೆ ಹಾರಿದ. ಡ್ರೈವರ್‌ಗೆ ಕೇಳಿಸಲಿಲ್ಲ. ಗಾಡಿ ತಿರುವಿನಲ್ಲಿ ಮರೆಯಾಯಿತು.

ಅಕ್ಕ ಹೊಸ್ತಿಲಿಗೆ ಓಡಿ, ಗಾಡಿ ಹೋದ ಕಡೆಗೇ ನೋಡುತ್ತ ನಿಂತಳು.

"ಏನಾಯ್ತಮ್ಮ? ಕೋರ್ಟಿಗೆ ನಾನೇ ಹೋಗ್ತೀನಿ, ಇನ್ನೂ ಹೊತ್ತಿದೆ."

"ಇಲ್ಲ ಮೇಡಂ, ಹೊತ್ತಿಲ್ಲ. ಮಂಗಳವಾರ ನಾನಿಲ್ಲಿಗೆ ಬಂದಿದ್ದು ಅವನಿಗೆ ಗೊತ್ತು. ನಾಲ್ಕು ದಿನ ಬಾಯಿ ಬಿಡದೆ ಇದ್ದಿದ್ದು ಅದಕ್ಕೇ. ನಾನೇ ಮಾಡಿದ್ದೀನಿ ಅಂದ್ಕೊಂಡಿದ್ದಾನೆ." ಅವಳು ಇತ್ತ ತಿರುಗಿದಳು. "ಈಗ ನೀವು ನನ್ನನ್ನ ಹಿಡಿದ್ರಿ ಅಂತ ತಿಳ್ಕೊಂಡು ಹೋದ. ನನ್ನನ್ನ ಉಳಿಸೋಕೆ, ಇಳಿದ ತಕ್ಷಣ ತಾನೇ ಕೊಂದಿದ್ದು ಅಂತ ಒಪ್ಕೊಂಡುಬಿಡ್ತಾನೆ."